ಅಲಾಯ್ ಚಕ್ರದ ನಡುವಿನ ಬಳೆ: ಮಲೆನಾಡಿನ ಕಾರಿಗೆ ಹಬ್ ರಿಂಗ್ ಆರಿಸುವ, ಕಾಪಾಡುವ ಬಗೆ

ಹೊಸ ಅಲಾಯ್ ಚಕ್ರ ಹಾಕಿಸಿಕೊಂಡ ಕಾರು ಶಿವಮೊಗ್ಗದ ಪೇಟೆಯೊಳಗೆ ಓಡಾಡುವಾಗ, ತೀರ್ಥಹಳ್ಳಿಗೋ ಹೊಸನಗರಕ್ಕೋ ಹೋಗಿ ಬರುವಾಗ ಯಾವ ತಕರಾರನ್ನೂ ತೋರಿಸುವುದಿಲ್ಲ. ತಿರುವಿನ ಮೇಲೆ ತಿರುವು, ನಡುವೆ ದನ, ಎದುರಿಗೆ ಅಡಿಕೆ ಮೂಟೆ ಹೇರಿಕೊಂಡ ಪಿಕಪ್. ವೇಗ ಐವತ್ತು ದಾಟುವುದೇ ಅಪರೂಪ. ಅದೇ ಕಾರು ಬೆಂಗಳೂರಿನ ಕಡೆ ಹೊರಟು, ನೇರ ರಸ್ತೆ ಸಿಕ್ಕಿ, ಮುಳ್ಳು ಎಂಬತ್ತು ಮುಟ್ಟಿದ ಕೂಡಲೇ ಸ್ಟೀರಿಂಗ್ ಸಣ್ಣಗೆ ನಡುಗತೊಡಗುತ್ತದೆ. ಮಾಲೀಕರು ವೀಲ್ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಯಂತ್ರ ಸೊನ್ನೆ ತೋರಿಸುತ್ತದೆ, ನಡುಕ ಮಾತ್ರ ಹಾಗೆಯೇ ಉಳಿಯುತ್ತದೆ. ಬಳಿಕ ಅಲೈನ್‌ಮೆಂಟ್, ಬಳಿಕ ಟೈರುಗಳ ಅದಲುಬದಲು, ಬಳಿಕ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ. ಇಷ್ಟೆಲ್ಲ ಖರ್ಚಾದ ಮೇಲೆ ಯಾರೋ ಒಬ್ಬ ಅನುಭವಿ ಮೆಕ್ಯಾನಿಕ್ ಚಕ್ರ ಕಳಚಿ, ಅದರ ನಡುವಿನ ರಂಧ್ರದಲ್ಲಿ ಬೆರಳಾಡಿಸಿ, ‘ಇದರ ರಿಂಗ್ ಎಲ್ಲಿ?’ ಎಂದು ಕೇಳುತ್ತಾನೆ.

ಆ ರಿಂಗ್ ಎಂದರೆ ಹಬ್ ಸೆಂಟರಿಂಗ್ ರಿಂಗ್. ಅಂಗಡಿಗಳಲ್ಲಿ ಹಬ್ ರಿಂಗ್ ಎಂದರೆ ಸಾಕು. ಅಂಗೈಯಗಲದ, ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂನ ಒಂದು ಬಳೆ. ಅಲಾಯ್ ಚಕ್ರದ ಬೆಲೆಯ ಪಕ್ಕದಲ್ಲಿ ಇದರ ಬೆಲೆ ಲೆಕ್ಕಕ್ಕೇ ಇಲ್ಲ. ಬಹುಶಃ ಅದಕ್ಕಾಗಿಯೇ ಮಾರುವವರಿಗೆ ಇದರ ನೆನಪಾಗುವುದಿಲ್ಲ, ಕೊಳ್ಳುವವರಿಗೆ ಇದರ ಹೆಸರೇ ತಿಳಿದಿರುವುದಿಲ್ಲ.

ಇದು ಏಕೆ ಬೇಕಾಗುತ್ತದೆ ಎಂಬುದನ್ನು ತಿಳಿಯಲು ಚಕ್ರದ ಹಿಂಬದಿಯನ್ನು ನೋಡಬೇಕು. ಕಾರಿನ ಹಬ್‌ನ, ಅಂದರೆ ಚಕ್ರವನ್ನು ಬಿಗಿಯುವ ತಿರುಗು ಬುಡದ, ನಡುವೆ ಒಂದು ದುಂಡನೆಯ ಉಬ್ಬು ಹೊರಗೆ ಚಾಚಿಕೊಂಡಿರುತ್ತದೆ. ಕಂಪನಿಯಿಂದ ಬಂದ ಚಕ್ರದ ನಡು ರಂಧ್ರ ಆ ಉಬ್ಬಿನ ಅಳತೆಗೆ ಸರಿಯಾಗಿ ಕೊರೆದದ್ದು. ಚಕ್ರವನ್ನು ಎತ್ತಿ ತೂರಿಸಿದರೆ ಅಲುಗಾಡದೆ ಕೂರುತ್ತದೆ. ಮಾರುತಿ ಸ್ವಿಫ್ಟ್, ಬಲೆನೊ, ಹುಂಡೈ ಐ20 ಕಾರುಗಳಲ್ಲಿ ಈ ಅಳತೆ 54.1 ಮಿಲಿಮೀಟರ್. ಹೋಂಡಾ ಸಿಟಿಯಲ್ಲಿ 56.1, ಫೋಕ್ಸ್‌ವ್ಯಾಗನ್ ಪೋಲೋದಲ್ಲಿ 57.1, ಇನ್ನೋವಾದಲ್ಲಿ 60.1, ಕ್ರೆಟಾದಲ್ಲಿ 67.1. ಹೊರಗಿನ ಮಾರುಕಟ್ಟೆಗೆ ಅಲಾಯ್ ತಯಾರಿಸುವವರು ಪ್ರತಿ ಕಾರಿಗೂ ಬೇರೆ ಬೇರೆ ರಂಧ್ರ ಕೊರೆಯುತ್ತ ಕೂತರೆ ವ್ಯಾಪಾರ ಸಾಗುವುದಿಲ್ಲ. ಆದ್ದರಿಂದ 67.1 ಅಥವಾ 73.1 ಮಿಲಿಮೀಟರಿನಂಥ ದೊಡ್ಡ ರಂಧ್ರ ಕೊರೆದು, ಎಲ್ಲರಿಗೂ ಅದನ್ನೇ ಮಾರುತ್ತಾರೆ. 73.1ರ ಚಕ್ರವನ್ನು ಸ್ವಿಫ್ಟ್‌ಗೆ ಹಾಕಿದರೆ ಉಬ್ಬಿನ ಸುತ್ತ ಒಂಬತ್ತೂವರೆ ಮಿಲಿಮೀಟರ್ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವನ್ನು ತುಂಬುವುದು ಹಬ್ ರಿಂಗ್. ಇದರಲ್ಲಿ ಮೋಸವೇನೂ ಇಲ್ಲ, ಒಪ್ಪಿತ ಪದ್ಧತಿಯೇ. ರಿಂಗ್ ಕೊಡದೆ ಚಕ್ರ ಬಿಗಿದು ಕಳಿಸುವುದು ಮಾತ್ರ ಅರ್ಧ ಕೆಲಸ.

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಓಡಾಡುತ್ತದೆ. ಕಾರಿನ ಭಾರವೆಲ್ಲ ಈ ರಿಂಗ್ ಮೇಲೆ ನಿಂತಿರುತ್ತದೆ, ಪ್ಲಾಸ್ಟಿಕ್ ಹಾಕಿದರೆ ಚಕ್ರ ಕಳಚಿ ಬೀಳುತ್ತದೆ ಎಂಬ ಭಯ ಅದು. ಬೀಸುವ ಕಲ್ಲನ್ನು ನೆನೆಯಿರಿ. ನಡುವಿನ ಗೂಟ ಮೇಲಿನ ಕಲ್ಲಿನ ಭಾರ ಹೊರುವುದಿಲ್ಲ, ಕಲ್ಲು ನಡು ಬಿಟ್ಟು ಸರಿಯದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಹಬ್ ರಿಂಗ್ ಮಾಡುವುದೂ ಅದನ್ನೇ. ಭಾರ ಹೊರುವ ಕೆಲಸ ನಟ್‌ಗಳದ್ದು, ಅದೂ ನೇರವಾಗಿ ಅಲ್ಲ. ನಟ್ ಬಿಗಿದಾಗ ಸ್ಟಡ್ (ಹಬ್‌ನಿಂದ ಚಾಚಿಕೊಂಡಿರುವ, ನಟ್ ಕೂರುವ ತಿರುಪಿನ ಕಡ್ಡಿ) ಎಳೆದುಕೊಂಡು ಚಕ್ರದ ಮುಖವನ್ನು ಹಬ್‌ನ ಮುಖಕ್ಕೆ ಒತ್ತಿಹಿಡಿಯುತ್ತದೆ. ಆ ಎರಡು ಮುಖಗಳ ನಡುವಿನ ಘರ್ಷಣೆಯೇ ಚಕ್ರವನ್ನು ಜಾರದಂತೆ ತಡೆದಿರುತ್ತದೆ. ಬ್ರೇಕ್ ಒತ್ತಿದಾಗಲೂ, ಗುಂಡಿಗೆ ಬಿದ್ದಾಗಲೂ ಹೊಡೆತ ತಾಳುವುದು ಈ ಹಿಡಿತ. ಹೀಗಾಗಿ ರಿಂಗ್‌ನ ಮುಖ್ಯ ಕೆಲಸ ನಡೆಯುವುದು ಚಕ್ರ ಕೂರಿಸುವ ಆ ಎರಡು ನಿಮಿಷದಲ್ಲಿ. ನಟ್ ಬಿಗಿಯುವಷ್ಟು ಹೊತ್ತು ಚಕ್ರವನ್ನು ಸರಿಯಾದ ನಡುವಿನಲ್ಲಿ ಹಿಡಿದುಕೊಟ್ಟರೆ ಅದರ ಹೊಣೆ ಬಹುಪಾಲು ಮುಗಿಯಿತು.

ಹಾಗಾದರೆ ನಟ್‌ಗಳೇ ನಡು ಹಿಡಿಯುವುದಿಲ್ಲವೇ? ಹಿಡಿಯುತ್ತವೆ, ಆದರೆ ಎಲ್ಲ ನಟ್‌ಗಳೂ ಅಲ್ಲ. ಶಂಕುವಿನಾಕಾರದ ತಳದ ನಟ್ ಚಕ್ರದ ಕುಳಿಯೊಳಗೆ ಇಳಿಯುತ್ತ ಚಕ್ರವನ್ನು ನಡುವಿಗೆ ಎಳೆಯುತ್ತದೆ. ಹೋಂಡಾ, ಫೋಕ್ಸ್‌ವ್ಯಾಗನ್ ಕಾರುಗಳ ಮೂಲ ನಟ್ ಮತ್ತು ಬೋಲ್ಟುಗಳ ತಳ ಗೋಲಾಕಾರದ್ದು. ಅದೂ ಎಳೆಯುತ್ತದೆ, ಆದರೆ ಗೋಲಾಕಾರದ ಕುಳಿಯಲ್ಲಿ ಮಾತ್ರ. ಟೊಯೋಟಾ ಕಂಪನಿಯ ಹಲವು ಮೂಲ ಅಲಾಯ್‌ಗಳಲ್ಲಿ ವಾಷರ್ ಇರುವ, ಚಪ್ಪಟೆ ತಳದ ನಟ್ ಬರುತ್ತದೆ. ಅದು ಒತ್ತುತ್ತದೆಯೇ ಹೊರತು ಎಳೆಯುವುದಿಲ್ಲ. ಅಲ್ಲಿ ನಡು ಹಿಡಿಯುವ ಕೆಲಸ ಪೂರ್ತಿಯಾಗಿ ಹಬ್‌ನ ಉಬ್ಬಿನದ್ದೇ. ಆದ್ದರಿಂದ ಹೊರಗಿನ ಅಲಾಯ್ ಹಾಕಿಸುವಾಗ ನೋಡಬೇಕಾದ ಮೊದಲ ಸಂಗತಿ ರಿಂಗ್ ಕೂಡ ಅಲ್ಲ, ನಟ್. ಬಹುತೇಕ ಹೊರಗಿನ ಅಲಾಯ್‌ಗಳ ಕುಳಿ ಶಂಕುವಿನಾಕಾರದ್ದು. ಅದಕ್ಕೆ ಹೋಂಡಾದ ಹಳೆಯ ಗೋಲ ನಟ್ ಬಿಗಿದರೆ ಅದು ಕುಳಿಯ ಅಂಚಿನ ಒಂದು ತೆಳು ಗೆರೆಯನ್ನಷ್ಟೇ ಮುಟ್ಟುತ್ತದೆ. ಬಿಗಿಯಾದಂತೆ ಕಾಣುತ್ತದೆ, ನಾಲ್ಕು ದಿನದಲ್ಲಿ ಸಡಿಲವಾಗುತ್ತದೆ. ಇದು ನಡುಕದ ಮಾತಲ್ಲ, ಪ್ರಾಣದ ಮಾತು.

ಶಂಕು ನಟ್ ಇದ್ದರೆ ರಿಂಗ್ ಬೇಡವೇ ಬೇಡ ಎಂದು ವಾದಿಸುವವರೂ ಇದ್ದಾರೆ. ಕಾಗದದ ಮೇಲೆ ಅವರ ಮಾತು ಸರಿ. ಚಕ್ರವನ್ನು ನೆಲದಿಂದ ಎತ್ತಿ, ನಾಲ್ಕೂ ನಟ್‌ಗಳನ್ನು ಕೈಯಲ್ಲಿ ತಿರುಗಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರೆ ಚಕ್ರ ಚೆನ್ನಾಗಿಯೇ ನಡುವಿಗೆ ಬರುತ್ತದೆ. ಆದರೆ ನಮ್ಮ ಟೈರ್ ಅಂಗಡಿಗಳಲ್ಲಿ ನಡೆಯುವುದು ಬೇರೆ. ಹುಡುಗ ಚಕ್ರವನ್ನು ಸ್ಟಡ್‌ಗಳ ಮೇಲೆ ತೂಗುಹಾಕುತ್ತಾನೆ. ಚಕ್ರ ತನ್ನ ಭಾರಕ್ಕೆ ಕೆಳಗೆ ಜಗ್ಗಿರುತ್ತದೆ. ಕೈಗೆ ಸಿಕ್ಕ ಮೊದಲ ನಟ್ ಮೇಲೆ ಏರ್ ಗನ್ ಇಟ್ಟು ಒಂದೇ ಉಸಿರಿಗೆ ಕಚ್ಚಿಸುತ್ತಾನೆ. ಆ ಮೊದಲ ನಟ್ ಎಲ್ಲಿ ಹಿಡಿಯಿತೋ ಚಕ್ರ ಅಲ್ಲಿಯೇ ಉಳಿಯಿತು. ಉಳಿದ ಮೂರು ನಟ್‌ಗಳಿಗೆ ಅದನ್ನು ಸರಿಸುವ ಶಕ್ತಿ ಇಲ್ಲ. ರಿಂಗ್ ಇದ್ದಿದ್ದರೆ ಇಂಥ ಅವಸರದ ಕೈಯಲ್ಲೂ ಚಕ್ರ ದಾರಿ ತಪ್ಪುತ್ತಿರಲಿಲ್ಲ.

ತಪ್ಪಿದರೆ ಎಷ್ಟು ತಪ್ಪಬಹುದು? ಕೂದಲೆಳೆಯಷ್ಟು. ಅದರಿಂದ ಆಗುವುದೇನು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಹದಿನೈದು ಇಂಚಿನ ಅಲಾಯ್ ಮತ್ತು ಟೈರ್ ಸೇರಿ ಸುಮಾರು 16 ಕಿಲೋ ಎಂದುಕೊಳ್ಳೋಣ. ಅದು ನಡುವಿನಿಂದ 0.2 ಮಿಲಿಮೀಟರ್ ಸರಿದು ಕೂತರೆ, ರಿಮ್‌ನ ಅಂಚಿಗೆ 17 ಗ್ರಾಂ ಸೀಸ ಅಂಟಿಸಿದ್ದಕ್ಕೆ ಸಮ. ಅರ್ಧ ಮಿಲಿಮೀಟರ್ ಸರಿದರೆ 42 ಗ್ರಾಂ. ಬ್ಯಾಲೆನ್ಸಿಂಗ್ ಅಂಗಡಿಯಲ್ಲಿ ಐದೈದು ಗ್ರಾಂ ತುಂಡಿಗಾಗಿ ತಲೆಕೆಡಿಸಿಕೊಳ್ಳುವಾಗ ಇದು ಸಣ್ಣ ಮೊತ್ತವಲ್ಲ. 185/65 ಆರ್15 ಟೈರ್ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹದಿನಾಲ್ಕು ಸುತ್ತು ಹಾಕುತ್ತದೆ. ಅರ್ಧ ಮಿಲಿಮೀಟರ್ ಓರೆಗೆ ಆಗ ಹುಟ್ಟುವ ಎಳೆತ ಆರೂವರೆ ಕಿಲೋ ಭಾರಕ್ಕೆ ಸಮ, ಸೆಕೆಂಡಿಗೆ ಹದಿನಾಲ್ಕು ಸಲ, ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ನಲವತ್ತರ ವೇಗದಲ್ಲಿ ಅದೇ ಓರೆ ಒಂದು ಕಿಲೋದಷ್ಟು ಎಳೆತವನ್ನೇ ಹುಟ್ಟಿಸುತ್ತದೆ. ಕೊಪ್ಪದ ರಸ್ತೆಯ ಗುಂಡಿಗಳ ನಡುವೆ ಅದು ಯಾರ ಕೈಗೂ ಗೊತ್ತಾಗುವುದಿಲ್ಲ. ಮಲೆನಾಡಿನಲ್ಲಿ ಓಡುವ ಕಾರಿನ ಈ ದೋಷ ತಿಂಗಳುಗಟ್ಟಲೆ ಅಡಗಿ ಕೂರುವುದು ಹೀಗೆ. ನಮ್ಮ ಘಾಟಿಗಳು ಬ್ರೇಕ್ ಮತ್ತು ಕ್ಲಚ್‌ನ ಪರೀಕ್ಷೆ ಮಾಡುತ್ತವೆ. ಚಕ್ರ ನಡುವಿನಲ್ಲಿ ಕೂತಿದೆಯೇ ಎಂಬ ಪರೀಕ್ಷೆ ನಡೆಯುವುದು ಬಯಲುಸೀಮೆಯ ರಸ್ತೆಯಲ್ಲಿ.

ಯಂತ್ರ ಸೊನ್ನೆ ತೋರಿಸಿದರೂ ನಡುಕ ಉಳಿಯುವ ಒಗಟೂ ಇಲ್ಲಿಗೆ ಬಿಡಿಸಿಕೊಂಡಂತೆ. ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ಹಿಡಿಯುವುದು ನಡು ರಂಧ್ರದೊಳಗೆ ತೂರಿಸಿದ ಒಂದು ಶಂಕುವಿನಿಂದ. ಅಂದರೆ ಯಂತ್ರದ ಪಾಲಿಗೆ ಚಕ್ರ ಯಾವಾಗಲೂ ಸರಿಯಾದ ನಡುವಿನಲ್ಲೇ ಸುತ್ತುತ್ತದೆ. ಕಾರಿಗೆ ಹೋದ ಮೇಲೆ ಅದು ಬೇರೊಂದು ಬಿಂದುವಿನ ಸುತ್ತ ಸುತ್ತುತ್ತದೆ. ಯಂತ್ರ ಸುಳ್ಳು ಹೇಳಿಲ್ಲ, ಅದಕ್ಕೆ ಕಂಡದ್ದೇ ಬೇರೆ. ಒಂದು ಎಚ್ಚರ: ಬ್ಯಾಲೆನ್ಸ್ ಮಾಡುವಾಗ ಶಂಕುವನ್ನು ರಿಂಗ್ ಮೇಲೆ ಒತ್ತಿಸಬಾರದು. ಪ್ಲಾಸ್ಟಿಕ್ ಬಳೆ ಆ ಒತ್ತಡಕ್ಕೆ ಬಿರುಕು ಬಿಡುತ್ತದೆ. ಬಳೆ ತೆಗೆದು, ಲೋಹದ ರಂಧ್ರವನ್ನೇ ಹಿಡಿಸಿ ಎಂದು ಹೇಳಿ.

ಇನ್ನು ಆಯ್ಕೆ. ಮೇಲೆ ಕೊಟ್ಟ ಅಳತೆಗಳನ್ನು ನಂಬಿ ನೇರವಾಗಿ ಕೊಳ್ಳಬೇಡಿ. ಒಂದೇ ಹೆಸರಿನ ಕಾರಿನಲ್ಲೂ ತಲೆಮಾರು ಬದಲಾದಂತೆ ಅಳತೆ ಬದಲಾಗಬಹುದು. ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದು ಹಬ್‌ನ ಉಬ್ಬಿನ ಹೊರ ಅಳತೆಯನ್ನೂ ಚಕ್ರದ ರಂಧ್ರದ ಒಳ ಅಳತೆಯನ್ನೂ ತೆಗೆಯಬೇಕು. ಉಬ್ಬಿನ ತುಕ್ಕನ್ನು ಉಜ್ಜಿ ತೆಗೆದ ಮೇಲೆಯೇ ಅಳೆಯಬೇಕು, ಇಲ್ಲದಿದ್ದರೆ ತುಕ್ಕಿನ ದಪ್ಪವೂ ಲೆಕ್ಕಕ್ಕೆ ಸೇರುತ್ತದೆ. ಚಕ್ರವನ್ನು ಹಿಂಬದಿಯಿಂದ ಅಳೆಯಬೇಕು, ಏಕೆಂದರೆ ಮುಂಬದಿಯಲ್ಲಿ ಲಾಂಛನದ ಮುಚ್ಚಳ ಕೂರುವ ಜಾಗದ ಅಳತೆ ಬೇರೆಯೇ ಇರುತ್ತದೆ. ಅಡ್ಡಡ್ಡಕ್ಕೆ ಒಮ್ಮೆ, ಉದ್ದುದ್ದಕ್ಕೆ ಒಮ್ಮೆ ಅಳೆದರೆ ರಂಧ್ರ ದುಂಡಗಿದೆಯೇ ಎಂಬುದೂ ತಿಳಿಯುತ್ತದೆ. ಬಳೆಯ ಮೇಲೆ 73.1–54.1 ಎಂದು ಅಚ್ಚಾಗಿದ್ದರೆ ಮೊದಲನೆಯದು ಹೊರಗಿನದು, ಎರಡನೆಯದು ಒಳಗಿನದು. 73.0 ಎಂಬುದೂ ಮಾರುಕಟ್ಟೆಯಲ್ಲಿದೆ, 72.6 ಎಂಬುದೂ ಇದೆ. ‘ಹತ್ತಿರ ಹತ್ತಿರ ಒಂದೇ’ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಹತ್ತಿರದ ಬಳೆ ಹಾಕುವುದಕ್ಕಿಂತ ಹಾಕದೆ ಇರುವುದು ಮೇಲು. ಸರಿಯಾದ ಬಳೆ ಬೆರಳಿನ ಒತ್ತಡಕ್ಕೆ ಒಳಗೆ ಹೋಗುತ್ತದೆ, ಚಕ್ರವನ್ನು ಬೋರಲು ಹಾಕಿದರೆ ತಾನಾಗಿ ಬೀಳುವುದಿಲ್ಲ. ಸುತ್ತಿಗೆ ಬೇಕಾದರೆ ಅದು ದೊಡ್ಡದು, ಗಲಗಲ ಅಂದರೆ ಸಣ್ಣದು.

ಕೂತ ಬಳೆ ಚಕ್ರದ ಹಿಂಬದಿಯ ಮುಖದಿಂದ ಹೊರಗೆ ಚಾಚಿರಬಾರದು ಎಂಬುದು ಇಷ್ಟೇ ಮುಖ್ಯ. ಕೂದಲಿನಷ್ಟು ಚಾಚಿದ್ದರೂ ಚಕ್ರದ ಮುಖ ಹಬ್‌ನ ಮುಖಕ್ಕೆ ತಾಗದೆ ಬಳೆಯ ಅಂಚಿನ ಮೇಲೆ ನಿಲ್ಲುತ್ತದೆ. ಆಗ ಮೇಲೆ ಹೇಳಿದ ಒತ್ತಿಹಿಡಿತವೇ ಇರುವುದಿಲ್ಲ. ಉಕ್ಕಿನ ನೇರಪಟ್ಟಿಯನ್ನು ಚಕ್ರದ ಹಿಂಬದಿಗೆ ಅಡ್ಡ ಇಟ್ಟು ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ.

ಪ್ಲಾಸ್ಟಿಕ್ಕೋ ಅಲ್ಯೂಮಿನಿಯಮ್ಮೋ? ಬಯಲುಸೀಮೆಯವರು ಹೆಚ್ಚು ಯೋಚಿಸದೆ ಲೋಹ ಎನ್ನಬಹುದು. ನಮ್ಮ ಕಡೆ ಲೆಕ್ಕ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹುಲಿಕಲ್, ಮಾಸ್ತಿಕಟ್ಟೆಯ ಕಡೆಯೂ ಕಡಿಮೆಯೇನಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಅಡಿಭಾಗ ಒಣಗುವುದೇ ಇಲ್ಲ. ಉಕ್ಕಿನ ಹಬ್, ಅಲ್ಯೂಮಿನಿಯಂ ಬಳೆ, ನಡುವೆ ಕೆಸರಿನ ನೀರು: ಈ ಮೂರು ಸೇರಿದಲ್ಲಿ ಸಣ್ಣದೊಂದು ವಿದ್ಯುತ್ ಕೋಶವೇ ಸಿದ್ಧವಾದಂತೆ. ಅಲ್ಯೂಮಿನಿಯಂ ತಾನು ಸವೆಯುತ್ತ ಬಿಳಿಯ ಪುಡಿಯಾಗುತ್ತದೆ, ಉಕ್ಕು ಕೆಂಪಗೆ ತುಕ್ಕು ಹಿಡಿಯುತ್ತದೆ. ಎರಡೂ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಳೆ ಹಬ್‌ಗೆ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ವಾರಾಂತ್ಯಕ್ಕೆ ಹೊನ್ನಾವರ, ಮಲ್ಪೆಯ ಕಡಲತೀರಕ್ಕೆ ಇಳಿಯುವ ಕಾರಾದರೆ ಉಪ್ಪಿನ ಗಾಳಿಯೂ ಸೇರಿ ಕೆಲಸ ಬೇಗ ಮುಗಿಯುತ್ತದೆ. ಪ್ಲಾಸ್ಟಿಕ್ಕಿಗೆ ಈ ಕಾಟ ಇಲ್ಲ.

ಪ್ಲಾಸ್ಟಿಕ್ಕಿನ ಕಾಟ ಬಿಸಿ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯನ್ನು ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಸೋಮೇಶ್ವರ ಮುಟ್ಟುವಾಗ ಮುಂದಿನ ಡಿಸ್ಕ್‌ಗಳಿಂದ ಸುಟ್ಟ ವಾಸನೆ ಬರುತ್ತಿರುತ್ತದೆ. ಆ ಬಿಸಿಯ ಒಂದು ಪಾಲು ಹಬ್‌ಗೂ ಹರಿಯುತ್ತದೆ. ಒಳ್ಳೆಯ ರಿಂಗ್‌ಗಳಿಗೆ ಬಳಸುವ ಪಾಲಿಕಾರ್ಬೊನೇಟ್ ಮೆದುವಾಗುವುದು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಗ್ಗದ ಎಬಿಎಸ್ ಪ್ಲಾಸ್ಟಿಕ್ ನೂರರ ಆಸುಪಾಸಿನಲ್ಲೇ ಸೋಲುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆ ಇಳಿಯುವವರ ಪಾಲಿಕಾರ್ಬೊನೇಟ್ ಬಳೆ ಕರಗುವ ಸಂಭವ ತೀರ ಕಡಿಮೆ. ಒಂದು ಚಕ್ರದ ಬಳೆ ಮಾತ್ರ ಕರಗಿ ಸೊಟ್ಟಗಾಗಿದ್ದರೆ ಬಳೆಯನ್ನು ಬೈಯುವ ಮೊದಲು ಆ ಚಕ್ರದ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಒತ್ತಿಹಿಡಿಯುವ ಭಾಗ) ಸಿಕ್ಕಿಹಾಕಿಕೊಂಡಿದೆಯೇ ನೋಡಿಸಿ. ಬಹಳ ಸಲ ತಪ್ಪು ಅಲ್ಲಿರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮಲೆನಾಡಿನ ಸಾಮಾನ್ಯ ಸಂಸಾರದ ಕಾರಿಗೆ ಒಳ್ಳೆಯ ಪಾಲಿಕಾರ್ಬೊನೇಟ್ ಬಳೆಯೇ ಸರಿ. ದಿನವೂ ಘಾಟಿ ಹತ್ತಿ ಇಳಿಯುವ, ಏಳೆಂಟು ಜನರನ್ನು ಹೊರುವ ಟ್ಯಾಕ್ಸಿಗೆ ಅಲ್ಯೂಮಿನಿಯಂ ಇರಲಿ, ಆದರೆ ಮಳೆಗಾಲದಲ್ಲಿ ಅದನ್ನು ಬಿಚ್ಚಿ ನೋಡುವ ಶಿಸ್ತೂ ಜೊತೆಗಿರಲಿ. ಬಿಚ್ಚಿ ನೋಡದ ಅಲ್ಯೂಮಿನಿಯಂಗಿಂತ ಮರೆತು ಬಿಟ್ಟ ಪ್ಲಾಸ್ಟಿಕ್ ಎಷ್ಟೋ ಮೇಲು.

ಬೇಕಾದ ಅಳತೆ ಸಿಗದಿದ್ದಾಗ ಲೇತ್ ಅಂಗಡಿಯೂ ಒಂದು ದಾರಿ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಜಿಲ್ಲೆ ಇದು; ಫೌಂಡ್ರಿಗಳಿಗೂ ಲೇತ್ ಕೆಲಸ ಬಲ್ಲ ಕೈಗಳಿಗೂ ಇಲ್ಲಿ ಬರವಿಲ್ಲ. ಅಲ್ಯೂಮಿನಿಯಂ ಸರಳಿನಿಂದ ಬಳೆ ಕಡೆಸಬಹುದು. ಹಬ್‌ನ ಕಡೆಗೆ ಒಂದು ಕೂದಲೆಳೆ ಸಡಿಲು ಬಿಡಿ ಎಂದು ಹೇಳಬೇಕು, ತೀರ ಬಿಗಿಯಾಗಿ ಕಡೆದರೆ ಮೊದಲ ಮಳೆಗೇ ಕಚ್ಚಿಕೊಳ್ಳುತ್ತದೆ. ಒಳ ಅಂಚನ್ನು ಸ್ವಲ್ಪ ಓರೆ ಹೊಡೆಸಬೇಕು, ಏಕೆಂದರೆ ಹಬ್‌ನ ಬುಡದಲ್ಲಿ ಸಣ್ಣ ಬಾಗು ಇರುತ್ತದೆ; ಚೂಪು ಅಂಚಿನ ಬಳೆ ಅಲ್ಲಿ ತಡೆದು ನಿಲ್ಲುತ್ತದೆ. ನೈಲಾನ್ ಸರಳಿನಲ್ಲಿ ಕಡೆದುಕೊಡುತ್ತೇವೆ ಎಂದರೆ ಮಾತ್ರ ಬೇಡ ಎನ್ನಿ. ನೈಲಾನ್ ನೀರು ಕುಡಿದು ಹಿಗ್ಗುವ ವಸ್ತು. 73 ಮಿಲಿಮೀಟರಿನ ಬಳೆ ನೂರಕ್ಕೆ ಒಂದು ಪಾಲು ಹಿಗ್ಗಿದರೂ ಮುಕ್ಕಾಲು ಮಿಲಿಮೀಟರಿನ ಹತ್ತಿರ ಬಂತು. ಬೇಸಿಗೆಯಲ್ಲಿ ಸರಾಗವಾಗಿ ಹೋದದ್ದು ಶ್ರಾವಣದ ಹೊತ್ತಿಗೆ ಚಕ್ರದ ರಂಧ್ರದಲ್ಲಿ ಬಿಗಿದು ಕೂತಿರುತ್ತದೆ.

ರಿಂಗ್‌ನಿಂದ ಆಗದ ಕೆಲಸಗಳನ್ನೂ ಹೇಳಬೇಕು, ಏಕೆಂದರೆ ಅದರ ಹೆಸರಿನಲ್ಲಿ ಅಪಾಯದ ವ್ಯಾಪಾರವೂ ನಡೆಯುತ್ತದೆ. ನಟ್‌ಗಳ ವೃತ್ತದ ಅಳತೆ, ಅಂದರೆ ಪಿಸಿಡಿ, ಹೊಂದದಿದ್ದರೆ ಯಾವ ಬಳೆಯೂ ಕಾಪಾಡುವುದಿಲ್ಲ. ಹಳೆಯ ಫಿಯಟ್ ಪಾಲಿಯೊದ್ದು ನಾಲ್ಕು ನಟ್, 98 ಮಿಲಿಮೀಟರ್. ಸ್ವಿಫ್ಟ್‌ನದು ನಾಲ್ಕು ನಟ್, 100. ಎರಡು ಮಿಲಿಮೀಟರ್ ತಾನೇ ಎಂದು ಒತ್ತಾಯದಿಂದ ಬಿಗಿಯುವವರಿದ್ದಾರೆ. ಹಾಗೆ ಬಿಗಿದ ಸ್ಟಡ್ ಓರೆಯಾಗಿ ಎಳೆಯುತ್ತಲೇ ಇದ್ದು, ಒಂದು ದಿನ ತುಂಡಾಗುತ್ತದೆ. ಚಕ್ರದ ರಂಧ್ರವೇ ಹಬ್‌ಗಿಂತ ಚಿಕ್ಕದಿದ್ದರೆ ಆ ಚಕ್ರ ನಿಮ್ಮದಲ್ಲ, ಅಷ್ಟೇ. ಸ್ಪೇಸರ್ ಮತ್ತು ಹಬ್ ರಿಂಗ್ ಒಂದೇ ಎಂದು ತಿಳಿದವರೂ ಕಡಿಮೆಯಿಲ್ಲ. ಸ್ಪೇಸರ್ ಚಕ್ರವನ್ನು ಹೊರಗೆ ತಳ್ಳುವ ತಟ್ಟೆ. ರಿಂಗ್ ಚಕ್ರವನ್ನು ಎಲ್ಲಿಗೂ ತಳ್ಳುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದಾಗ ಸ್ಪೇಸರ್ ಹಬ್‌ನ ಉಬ್ಬಿನ ಉದ್ದವನ್ನೇ ನುಂಗಿ, ಬಳೆಗೆ ಹಿಡಿಯಲು ಏನೂ ಉಳಿಯದಂತೆ ಮಾಡಬಹುದು.

ಕೂರಿಸುವ ಕ್ರಮದಲ್ಲಿ ಗುಟ್ಟೇನೂ ಇಲ್ಲ, ತಾಳ್ಮೆ ಬೇಕು. ಹಬ್‌ನ ಮುಖವನ್ನೂ ಉಬ್ಬನ್ನೂ ತಂತಿಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ನಮ್ಮ ಜಂಬಿಟ್ಟಿಗೆಯ ಕೆಂಪು ಮಣ್ಣು ತುಕ್ಕಿನ ಬಣ್ಣದ್ದೇ ಆದ್ದರಿಂದ ಕಣ್ಣಿಗೆ ಮೋಸವಾಗುತ್ತದೆ. ಬೆರಳಿನಿಂದ ಸವರಿ ನೋಡಿ. ಮುಖದ ಮೇಲೆ ಉಳಿದ ಒಂದು ಚಕ್ಕೆ ತುಕ್ಕು ಚಕ್ರವನ್ನು ಒಂದು ಬದಿಗೆ ವಾಲಿಸುತ್ತದೆ, ಆಮೇಲೆ ಬಳೆ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. ಅಲ್ಯೂಮಿನಿಯಂ ಬಳೆಯಾದರೆ ಉಬ್ಬಿನ ಮೇಲೆ ಮಾತ್ರ ಕಚ್ಚುನಿರೋಧಕ ಗ್ರೀಸನ್ನು ತೆಳ್ಳಗೆ ಸವರಬೇಕು. ಹಬ್‌ನ ಮುಖಕ್ಕಾಗಲಿ ಸ್ಟಡ್‌ಗಳಿಗಾಗಲಿ ಗ್ರೀಸ್ ತಾಗಿಸಬಾರದು. ಎಣ್ಣೆ ಹತ್ತಿದ ಸ್ಟಡ್‌ಗೆ ಅದೇ ಅಳತೆಯ ಬಿಗಿ ಕೊಟ್ಟರೂ ಎಳೆತ ಮಿತಿ ಮೀರುತ್ತದೆ. ನಟ್‌ಗಳನ್ನು ಮೊದಲು ಕೈಯಲ್ಲಿ ಕೂರಿಸಿ, ಎದುರುಬದುರಾಗಿ ಬಿಗಿಯುತ್ತ ಬಂದು, ಕಾರು ಕೆಳಗಿಳಿಸಿದ ಮೇಲೆ, ಬಿಗಿಯ ಪ್ರಮಾಣ ಅಳೆದು ಕೊಡುವ ಟಾರ್ಕ್ ವ್ರೆಂಚ್‌ನಿಂದ ಮುಗಿಸಬೇಕು. ಸಣ್ಣ ಮತ್ತು ಮಧ್ಯಮ ಕಾರುಗಳಿಗೆ ಇದು ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಒಳಗೆ ಬರುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬರೆದದ್ದೇ ಅಂತಿಮ. ಐವತ್ತು, ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಾಗಲಿ ಊರಿನ ಪಂಕ್ಚರ್ ಅಂಗಡಿಯಲ್ಲಾಗಲಿ, ಟಾರ್ಕ್ ವ್ರೆಂಚ್ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸ್ವಲ್ಪ ನಗಬಹುದು, ನಗಲಿ.

ನಿರ್ವಹಣೆ ಎಂದರೆ ವರ್ಷಕ್ಕೆ ಎರಡು ಸಲ ಚಕ್ರ ಬಿಚ್ಚುವುದು: ಮುಂಗಾರಿಗೆ ಮೊದಲೊಮ್ಮೆ, ದಸರಾ ಹೊತ್ತಿಗೊಮ್ಮೆ. ಆಯುಧಪೂಜೆಗೆ ಹೇಗಿದ್ದರೂ ಕಾರು ತೊಳೆಯುತ್ತೇವೆ. ಅದೇ ನೆಪ ಸಾಕು. ಪ್ಲಾಸ್ಟಿಕ್ ಬಳೆಯಲ್ಲಿ ಕೂದಲಿನಂಥ ಬಿರುಕು, ಒಳ ಅಂಚಿನಲ್ಲಿ ಹೊಳಪಾದ ಗೆರೆ, ಮೊಟ್ಟೆಯಾಕಾರ ಕಂಡರೆ ಎಸೆದು ಹೊಸದು ಹಾಕಿ. ಬಿರುಕು ಬಿಟ್ಟ ತುಂಡು ಎರಡು ಮುಖಗಳ ನಡುವೆ ಸಿಕ್ಕಿಕೊಂಡರೆ ಬಳೆ ಇಲ್ಲದ್ದಕ್ಕಿಂತ ಕೆಟ್ಟದು. ಅಲ್ಯೂಮಿನಿಯಂನಲ್ಲಿ ಬಿಳಿ ಪುಡಿ ಕಂಡರೆ ನಯವಾದ ಉಜ್ಜುಕಾಗದದಿಂದ ತೆಗೆದು, ಒರೆಸಿ, ಮತ್ತೆ ತೆಳ್ಳಗೆ ಗ್ರೀಸ್ ಸವರಿ. ಪೆಟ್ರೋಲ್, ಥಿನ್ನರ್ ಹಾಕಿ ಪ್ಲಾಸ್ಟಿಕ್ ಬಳೆ ತೊಳೆಯಬೇಡಿ. ಪಾಲಿಕಾರ್ಬೊನೇಟ್ ಅವುಗಳ ಸಂಗದಲ್ಲಿ ಒಳಗೊಳಗೇ ಬಿರಿಯುತ್ತದೆ, ಸೋಪುನೀರು ಸಾಕು.

ಕಚ್ಚಿಕೊಂಡ ಬಳೆಯ ಮೇಲೆ ಸುತ್ತಿಗೆಯ ಪ್ರಯೋಗ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆ ಹೊಡೆತ ಹೋಗಿ ತಾಗುವುದು ವೀಲ್ ಬೇರಿಂಗ್‌ಗೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಅಂಚಿಗೆ ಸಿಂಪಡಿಸಿ, ಬ್ರೇಕ್ ಡಿಸ್ಕಿಗೆ ಹಾರದಂತೆ ಬಟ್ಟೆ ಮುಚ್ಚಿ, ಒಂದೆರಡು ಗಂಟೆ ಬಿಡಿ. ಬಳಿಕ ಬಳೆಯನ್ನು ಸುತ್ತಲೂ ತುಸುತುಸುವೇ ಮೀಟಿ. ಪ್ಲಾಸ್ಟಿಕ್ಕಾದರೆ ಹ್ಯಾಕ್ಸಾ ಬ್ಲೇಡಿನಿಂದ ಒಂದು ಕಡೆ ಸೀಳಿದರೆ ಬಿಚ್ಚಿಕೊಂಡು ಬರುತ್ತದೆ. ಅಲ್ಯೂಮಿನಿಯಮ್ಮನ್ನೂ ಹಾಗೆಯೇ ಮುಕ್ಕಾಲು ಭಾಗ ಕೊಯ್ದು, ಆ ಗೀರಿಗೆ ಉಳಿಯ ಮೊನೆ ಇಟ್ಟು ತಿರುಚಿದರೆ ಬಿರಿಯುತ್ತದೆ. ಹಬ್‌ನ ಉಬ್ಬಿಗೆ ಗೀರು ಬೀಳದಂತೆ ಕೈ ಹಿಡಿತದಲ್ಲಿರಲಿ.

ಇಷ್ಟೆಲ್ಲ ಆದ ಮೇಲೂ ನಡುಕ ಉಳಿದರೆ ಬಳೆಯನ್ನು ಬಿಟ್ಟು ಬೇರೆ ಕಡೆ ನೋಡಬೇಕು. ನಡುಕ ಸ್ಟೀರಿಂಗ್‌ನಲ್ಲಿದ್ದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ಮತ್ತು ನೆಲದಲ್ಲಿದ್ದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್. ಮೂವತ್ತು ನಲವತ್ತರಲ್ಲೇ ಓಲಾಡಿದರೆ ಗುಂಡಿಗೆ ಬಿದ್ದು ಬಾಗಿದ ರಿಮ್ ಅಥವಾ ಹೊಟ್ಟೆ ಬಂದ ಟೈರ್. ಮಲೆನಾಡಿನಲ್ಲಿ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ರಿಮ್‌ನ ಒಳಮೈಗೆ ಮೆತ್ತಿಕೊಂಡ ಕೆಸರು. ತೋಟದ ರಸ್ತೆಯಲ್ಲಿ ಓಡಾಡಿದ ಕಾರನ್ನು ರಾತ್ರಿ ನಿಲ್ಲಿಸಿದರೆ ಹಸಿ ಮಣ್ಣು ರಿಮ್‌ನ ಕೆಳಭಾಗಕ್ಕೆ ಇಳಿದು, ಬೆಳಗಾಗುವುದರೊಳಗೆ ಹೆಂಟೆಯಾಗಿ ಗಟ್ಟಿಯಾಗಿರುತ್ತದೆ. ಹಿಡಿ ಮಣ್ಣು ಐವತ್ತು ಗ್ರಾಂಗೆ ಎಲ್ಲಿ ಕಡಿಮೆ? ಬ್ಯಾಲೆನ್ಸಿಂಗ್‌ಗೆ ಹಣ ಕೊಡುವ ಮೊದಲು ಕೊಳವೆ ಹಿಡಿದು ಚಕ್ರದ ಹಿಂಬದಿ ತೊಳೆಯಿರಿ.

ಸ್ಟೆಪ್ನಿಯ ಮಾತೊಂದು ಉಳಿಯಿತು. ನಾಲ್ಕು ಅಲಾಯ್ ಹಾಕಿಸಿದವರ ಐದನೆಯ ಚಕ್ರ ಬಹುಮಟ್ಟಿಗೆ ಕಂಪನಿಯ ಹಳೆಯ ಉಕ್ಕಿನ ಚಕ್ರವೇ ಆಗಿರುತ್ತದೆ. ಅದರ ರಂಧ್ರ ಹಬ್‌ನ ಅಳತೆಯದ್ದೇ. ಅದಕ್ಕೆ ಬಳೆ ಬೇಡ. ಆದರೆ ಘಾಟಿಯ ನಡುವೆ ಪಂಕ್ಚರ್ ಆಗಿ ಅಲಾಯ್ ಕಳಚಿದಾಗ ಬಳೆ ಚಕ್ರದ ಜೊತೆ ಬರದೆ ಹಬ್‌ನ ಮೇಲೆಯೇ ಕಚ್ಚಿ ಉಳಿದಿದ್ದರೆ ಸ್ಟೆಪ್ನಿ ಒಳಗೆ ಹೋಗುವುದೇ ಇಲ್ಲ. ಮಳೆ, ಕತ್ತಲೆ, ಮೊಬೈಲಿಗೆ ಸಿಗ್ನಲ್ ಇಲ್ಲದ ಜಾಗ. ಬಳೆಯ ಇರವೇ ಗೊತ್ತಿಲ್ಲದವರು ಚಕ್ರವನ್ನು ಅದರ ಮೇಲೆಯೇ ಒತ್ತಿ ನಟ್ ಬಿಗಿದು ಹೊರಟರೆ ಮುಂದಿನ ತಿರುವಿನವರೆಗೂ ಭರವಸೆಯಿಲ್ಲ. ಆದ್ದರಿಂದ ಬಳೆ ಚಕ್ರಕ್ಕೆ ಬಿಗಿಯಾಗಿ, ಹಬ್‌ಗೆ ಸರಾಗವಾಗಿ ಕೂರುವಂತೆ ಇರಬೇಕು. ಮನೆಯಂಗಳದಲ್ಲಿ ಬಿಸಿಲಿರುವಾಗಲೇ ಒಮ್ಮೆ ಸ್ಟೆಪ್ನಿ ಹಾಕಿ ತೆಗೆದು ನೋಡಿ. ಹೋಂಡಾ ಕಾರಿನವರಾದರೆ ಅಲಾಯ್‌ಗೆಂದು ಕೊಂಡ ಶಂಕು ನಟ್‌ಗಳು ಉಕ್ಕಿನ ಸ್ಟೆಪ್ನಿಗೆ ಹೊಂದುವುದಿಲ್ಲ. ಅದಕ್ಕೆ ಹಳೆಯ ಗೋಲ ನಟ್‌ಗಳೇ ಬೇಕು. ಗುಜರಿಗೆ ಹಾಕದೆ ನಾಲ್ಕನ್ನು ಚೀಲದಲ್ಲಿ ಕಟ್ಟಿ ಜಾಕ್ ಪಕ್ಕದಲ್ಲೇ ಇಡಿ. ಬಾಗಿದ ಸ್ಕ್ರೂಡ್ರೈವರ್ ಒಂದು, ಹ್ಯಾಕ್ಸಾ ಬ್ಲೇಡಿನ ತುಂಡೊಂದು ಅದರ ಜೊತೆಗಿದ್ದರೆ ಇನ್ನೂ ಒಳ್ಳೆಯದು.